ಇಬ್ಬರಿಗೆಂದು ತರಿಸಿಕೊಂಡ ಮೋಟಾರು ಮನೆಯ ಕುರಿತು

ಮಾನ್ಯ ಮುಖ್ಯ ಜೀವನಶೈಲಿ ಸಲಹೆಗಾರರಿಗೆ,
ಸಂಚಾರಿ ಸದನ, ಮೋಟಾರು ಮನೆಗಳ ಬಾಡಿಗೆ ಹಾಗೂ ಮಾರಾಟ ಸಂಸ್ಥೆ

ಮಾನ್ಯರೇ,

ಹುಬ್ಬಳ್ಳಿಯ ಬೆಂಗೇರಿಯಿಂದ ಕಾಲೇಜು ಗ್ರಂಥಪಾಲಕಿ ವಾಣಿಶ್ರೀ ಶಂಭುಲಿಂಗ ಉಳ್ಳಾಗಡ್ಡಿ ಮಾಡುವ ಸಾವಿರ ಶರಣು. ತಾವೂ ತಮ್ಮ ಗಾಡಿಗಳೂ ಗಾಡಿಗಳ ಸಮಸ್ತ ಗಾಲಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಎಷ್ಟು ಕ್ಷೇಮವಾಗಿದ್ದೇವೆಂದರೆ, ಅದರ ಬಗ್ಗೆಯೇ ತಮ್ಮಲ್ಲಿ ದೂರು ಕೊಡಬೇಕಾಗಿ ಬಂದಿದೆ.

‘ನಿಮ್ಮ ಜೀವನಶೈಲಿಗೆ ತಕ್ಕ ಮೋಟಾರು ಮನೆ ಆರಿಸಿಕೊಳ್ಳಿ’ ಎಂಬ ತಮ್ಮ ಹನ್ನೆರಡು ಪ್ರಶ್ನೆಗಳ ಅರ್ಜಿಯನ್ನು ನಾನೂ ನನ್ನ ಯಜಮಾನರೂ ಮದುವೆಯ ಇಪ್ಪತ್ತೈದನೆಯ ವರ್ಷದ ನೆಪದಲ್ಲಿ ತುಂಬಿದೆವು. ಅವರದು ಪಂಪು ಪೈಪಿನ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಮೋಟಾರಿನ ಸದ್ದು ಕೇಳಿ ಬರುವ ಅವರಿಗೂ, ಹಗಲೆಲ್ಲ ಮೌನದಲ್ಲಿ ಕೂತು ಬರುವ ನನಗೂ ಮನೆಯಲ್ಲಿ ಕಾಯುತ್ತಿದ್ದುದು ಒಂದೇ ಗದ್ದಲ. ಅತ್ತೆಯವರಾದ ಕಾಳವ್ವನವರು, ಮೈದುನ ಕುಮಾರಸ್ವಾಮಿ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ನಮ್ಮ ಮಗಳು, ಮದುವೆಯಾಗದೆ ಉಳಿದ ಸೋದರಮಾವ ಹುಲಗಪ್ಪ, ನಾವಿಬ್ಬರು, ಹೀಗೆ ಒಂಬತ್ತು ಜನ ಐದು ಕೋಣೆಗಳಲ್ಲಿದ್ದೇವೆ. ಒಳಗಿನಿಂದ ಚಿಲಕ ಸರಿಯಾಗಿ ಬೀಳುವ ಬಾಗಿಲೆಂದರೆ ಬಚ್ಚಲಿನದೊಂದೇ, ಅದನ್ನೂ ನಾಲ್ಕು ನಿಮಿಷಕ್ಕೊಮ್ಮೆ ಯಾರಾದರೂ ಬಡಿಯುತ್ತಾರೆ.

ತಮ್ಮ ಅರ್ಜಿಯಲ್ಲಿ ಬೆಟ್ಟ ಇಷ್ಟವೋ ಹೊಳೆ ಇಷ್ಟವೋ, ಕಾಫಿಯನ್ನು ಬಿಸಿಲಲ್ಲಿ ಕುಡಿಯುವಿರೋ ನೆರಳಲ್ಲೋ ಎಂಬ ಸೂಕ್ಷ್ಮ ವಿಚಾರಗಳೆಲ್ಲ ಇದ್ದವು. ‘ಪ್ರಯಾಣಿಕರು ಎಷ್ಟು?’ ಎಂಬಲ್ಲಿ ಯಜಮಾನರು ‘ಇಬ್ಬರು’ ಎಂದು ಬರೆದು, ಯಾರಾದರೂ ನೋಡಿದರೇನೋ ಎಂದು ಹಿಂತಿರುಗಿ ನೋಡಿದರು. ‘ನಿಮ್ಮ ಕನಸಿನ ಗಾಡಿಯಲ್ಲಿ ಏನಿರಬೇಕು?’ ಎಂಬಲ್ಲಿ ನಾನು ‘ಚಿಲಕ’ ಎಂದು ಬರೆದೆ. ಇಷ್ಟನ್ನು ಓದಿ ತಾವು ಮಲಗಲು ನಾಲ್ಕು, ಕೂರಲು ಒಂಬತ್ತು ಜಾಗಗಳಿರುವ ‘ಗೀಜಗ’ವೇ ನಮಗೆ ಸೂಕ್ತವೆಂದೂ, ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ಪಡೆದು ದಾಂಡೇಲಿಯ ಹೊಳೆದಂಡೆಗೆ ಹೋಗಿಬರುವುದು ಉತ್ತಮವೆಂದೂ ಸಲಹೆ ಕೊಟ್ಟಿರಿ. ಕೂರಲು ಒಂಬತ್ತು! ನಮ್ಮ ಮನೆಯ ಜನಗಣತಿಯನ್ನು ತಮಗೆ ಯಾರು ಕಳಿಸಿದರೋ ನಾನರಿಯೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ತಮ್ಮ ಚಾಲಕರಾದ ಹಳೇ ಹುಬ್ಬಳ್ಳಿಯ ಕಾಸಿಮಸಾಬರು ಗಾಡಿಯನ್ನು ನಮ್ಮ ಓಣಿಗೆ ತಂದಾಗ, ಅದರ ಬೆಳ್ಳಗಿನ ಮೈ, ಕಿಟಕಿಯ ಪರದೆ, ಗುಂಡಿ ಒತ್ತಿದರೆ ಹೊರಚಾಚುವ ನೆರಳಿನ ಚಪ್ಪರ ನೋಡಿ ನಾನು ಸಂತೋಷದಿಂದ ಯಜಮಾನರ ಕೈಯನ್ನು ಎಲ್ಲರೆದುರೇ ಹಿಡಿದುಕೊಂಡೆ. ಅಷ್ಟರಲ್ಲಿ ಅತ್ತೆಯವರು “ಬರೇ ನೋಡಿ ಬರ್ತೇನಿ” ಎಂದು ಒಳಗೆ ಹತ್ತಿದರು. ಐದು ನಿಮಿಷ ಬಿಟ್ಟು ನಾನು ಇಣುಕಿದರೆ ಕಾಲು ಚಾಚಿ ಮಲಗಿದ್ದಾರೆ, ಎಲೆ ಅಡಿಕೆಯ ಸಂಚಿ ಪುಸ್ತಕವಿಡುವ ಹಲಗೆಯ ಮೇಲೆ ಕೂತಿದೆ.

“ವಾಣೀ, ಇಲ್ಲೆ ಗಾಳಿ ಭಾಳ ಛಲೋ ಐತಿ. ಅಮ್ಮಿನಬಾವಿ ತಂಗ್ಯಾರಿಗೆ ಒಂದೀಟ ತೋರಿಸಿ ಬರೋಣು. ಆಮ್ಯಾಲ ನೀವಿಬ್ಬರೂ ಎಲ್ಲಿ ಬೇಕಾದಲ್ಲಿ ಹೋಗ್ರಿ.”

ಆಗದೆನ್ನಲು ಯಜಮಾನರು ಬಾಯಿ ತೆರೆದರು. ಅವರ ಬಾಯಿಂದ ಮಾತು ಹೊರಡುವ ಮೊದಲೇ ಮೈದುನ ನಟ್ಟು ಬಿಗಿಯುವ ಪಾನಾ ಒಂದನ್ನು ಹಿಡಿದು ಹತ್ತಿದ. “ವೈನಿ, ಇಂಥಾ ಗಾಡಿ ನಿಮಗ ತಿಳಿಯಂಗಿಲ್ಲ, ನಾ ಇರ್ಬೇಕು,” ಎಂದ. ಅವನ ಹೆಂಡತಿ ದಾಂಡೇಲಿಯಲ್ಲಿ ರೊಟ್ಟಿ ಸಿಗುವುದಿಲ್ಲವೆಂದು ಅರವತ್ತು ಜೋಳದ ರೊಟ್ಟಿಗಳ ಗಂಟನ್ನು ತಂದಳು, ಗಂಟಿನ ಹಿಂದೆ ಮಕ್ಕಳು, ಮಕ್ಕಳ ಹಿಂದೆ ನಮ್ಮ ಮಗಳು. ಹುಲಗಪ್ಪ ಮಾವ ಮಾತ್ರ ಸಂಕೋಚದ ಮನುಷ್ಯ, ಎಲ್ಲರೂ ಕೂತಾದ ಮೇಲೆ ಕರೆಯದೆಯೇ ಹತ್ತಿದರು. ನಾನೂ ಯಜಮಾನರೂ ಶೌಚಾಲಯದ ಬಾಗಿಲಿಗೆ ಅಂಟಿಕೊಂಡಿದ್ದ ಮಡಚುವ ಕುರ್ಚಿಗಳಲ್ಲಿ ಮಂಡಿಗೆ ಮಂಡಿ ತಗಲುವಂತೆ ಕೂತೆವು. ಇಷ್ಟು ಸಮೀಪ ಕೂತದ್ದು ಮದುವೆಯ ಅಕ್ಕಿಕಾಳಿನ ದಿನದ ನಂತರ ಅದೇ ಮೊದಲು. ಇದಕ್ಕೆ ತಮ್ಮ ಸಂಸ್ಥೆಗೆ ಪ್ರತ್ಯೇಕ ಧನ್ಯವಾದಗಳು.

ಧಾರವಾಡದಲ್ಲಿ ಎಡಕ್ಕೆ ಹೊರಳಬೇಕಿದ್ದ ಗಾಡಿ ಬಲಕ್ಕೆ ಹೊರಳಿ ಅಮ್ಮಿನಬಾವಿ ಸೇರಿತು. ಅತ್ತೆಯವರು ದಾರಿಯುದ್ದಕ್ಕೂ ಫೋನಿನಲ್ಲಿ ವಿಷಯ ಮುಟ್ಟಿಸಿದ್ದರಿಂದ ಇಡೀ ಓಣಿ ಹೊರಗೆ ನಿಂತಿತ್ತು. ಬಂದವರೆಲ್ಲ ಮರ್ಯಾದೆಯಿಂದ ಚಪ್ಪಲಿ ಬಿಟ್ಟು, ಒಂದು ಬಾಗಿಲಿನಿಂದ ಹತ್ತಿ, ಹಾಸಿಗೆ ಒತ್ತಿ ನೋಡಿ, ನಲ್ಲಿ ತಿರುವಿ ನೋಡಿ ಅದೇ ಬಾಗಿಲಿನಿಂದ ಇಳಿದರು. ಹೀಗೆ ತಮ್ಮ ನೂರು ಲೀಟರ್ ನೀರಿನ ತೊಟ್ಟಿ, ಯಾರೂ ಒಂದು ಗುಟುಕು ಕುಡಿಯದೆಯೇ, ಮುಕ್ಕಾಲು ತಾಸಿನಲ್ಲಿ ಬರಿದಾಯಿತು. ಅಡಿಗೆಯ ಒಲೆಯಿಂದ ಮೂರು ಮೊಳ ದೂರದಲ್ಲಿ ಶೌಚಾಲಯವಿರುವುದು ಸಾಧ್ಯವೇ ಇಲ್ಲವೆಂದು ಅತ್ತೆಯವರ ತಂಗಿಯರಿಬ್ಬರೂ ತೀರ್ಮಾನಿಸಿ ಅದರಲ್ಲಿ ಉಪ್ಪಿನಕಾಯಿಯ ಭರಣಿ ಇಟ್ಟರು. ತಾವು ಅದನ್ನು ಯಾವ ಉದ್ದೇಶಕ್ಕೆ ಕಟ್ಟಿದ್ದೀರೆಂದು ಹೇಳುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ.

ಊಟವಾದ ಮೇಲೆ ಹೊರಡುವ ಹೊತ್ತಿಗೆ ಈ ತಂಗಿಯರೂ ಸೀರೆ ಬದಲಿಸಿ ಹತ್ತಿ ಕೂತಿದ್ದರು. ನವಿಲುತೀರ್ಥದ ಅಣೆಕಟ್ಟನ್ನು ನೋಡದೆ ಸಾಯಬಾರದೆಂದು ಅವರ ಅಭಿಪ್ರಾಯ. ಕಾಸಿಮಸಾಬರು ಎಂಜಿನ್ ನಿಲ್ಲಿಸಿ, ಎದ್ದು ನಿಂತು, ಕೈಮುಗಿದರು.

“ಅವ್ವಾರ, ಒಂಬತ್ತಕ್ಕ ಒಬ್ಬರ ಹೆಚ್ಚಿಗಿ ಆದ್ರೂ ನಾ ಗಾಡಿ ಬಿಡಂಗಿಲ್ರಿ. ಹನ್ನೊಂದ ಮಂದಿ ಆಗೇರಿ. ಇಬ್ಬರು ಇಳೀರಿ.”

ಮಾನ್ಯರೇ, ಆ ಕ್ಷಣದ ಮೌನ ನನ್ನ ಗ್ರಂಥಾಲಯದಲ್ಲೂ ಇಲ್ಲ. ಅತ್ತೆಯವರು ಇಳಿಯುವಂತಿಲ್ಲ, ತಂಗಿಯರು ಅತಿಥಿಗಳು, ಮೈದುನನ ಕೈಯಲ್ಲಿ ಪಾನಾ ಇದೆ, ಹುಲಗಪ್ಪ ಮಾವ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದ್ದಾರೆ. ಯಜಮಾನರು ನನ್ನ ಕಡೆ ನೋಡಿದರು. ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಿಜ. ಬಾಡಿಗೆಗೆ ಪಡೆದವರು ನಾವು, ಕನಸು ಕಂಡವರು ನಾವು.

“ನಾವ ಇಳೀತೇವಿ ತಗೋರಿ,” ಎಂದರು ಯಜಮಾನರು.

“ಭಾಳ ದೊಡ್ಡ ಮನಸ್ಸು ನಿಮ್ಮದು,” ಎಂದು ಮೈದುನ ಅವಸರದಿಂದ ಬಾಗಿಲು ಹಾಕಿಕೊಂಡ. ಚಿಲಕ ಎಷ್ಟು ಚಂದ ಬಿತ್ತೆಂದರೆ, ಹೊರಗೆ ನಿಂತವರಿಗೂ ಕೇಳಿಸಿತು.

ಕೆಂಪು ಬಸ್ಸು ಹಿಡಿದು ಧಾರವಾಡಕ್ಕೆ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ನಾವು ಬಂದೆವು. ಸಂಜೆ ನಾಲ್ಕಕ್ಕೆ ಮನೆ ಮುಟ್ಟಿದಾಗ ಬಾಗಿಲಿಗೆ ಬೀಗವಿತ್ತು, ಕೀಲಿಕೈ ಅತ್ತೆಯವರ ಸಂಚಿಯಲ್ಲಿತ್ತು, ಸಂಚಿ ನವಿಲುತೀರ್ಥದ ದಾರಿಯಲ್ಲಿತ್ತು. ಐವತ್ತೆರಡು ವರ್ಷದ ಯಜಮಾನರು ಹಿತ್ತಲ ಗೋಡೆ ಹತ್ತಿ, ಅಂಗಿ ಹರಿದುಕೊಂಡು ಒಳಗೆ ಧುಮುಕಿ, ಹಿಂದಿನ ಬಾಗಿಲ ಅಗುಳಿಯನ್ನು ಅಲುಗಾಡಿಸಿ ತೆಗೆದರು. ಪಕ್ಕದ ಮನೆಯ ಫಿರದೋಸ ಕಳ್ಳನೆಂದು ಕೂಗಿ, ಗುರುತು ಹಿಡಿದ ಮೇಲೆ ತಾನೇ ನಾಚಿ, ಒಂದು ತಟ್ಟೆ ಮಿರ್ಚಿ ಭಜಿ ಕಳಿಸಿದಳು.

ಒಳಗೆ ಯಾರೂ ಇರಲಿಲ್ಲ. ಈ ವಾಕ್ಯವನ್ನು ಇನ್ನೊಮ್ಮೆ ಬರೆಯಲು ಅಪ್ಪಣೆ ಬೇಡುತ್ತೇನೆ: ಒಳಗೆ ಯಾರೂ ಇರಲಿಲ್ಲ. ನಡುಮನೆಯ ಗಡಿಯಾರಕ್ಕೆ ಟಿಕ್ ಟಿಕ್ ಎಂಬ ಸದ್ದಿದೆಯೆಂದು ನನಗೆ ಅಂದೇ ಗೊತ್ತಾಯಿತು. ಮೊದಲ ಕಾಲು ಗಂಟೆ ಇಬ್ಬರೂ ಪರಸ್ಥಳದ ನೆಂಟರಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದೆವು. ಆಮೇಲೆ ನಾನು ಮೆಲ್ಲಗೆ “ಚಹಾ ಮಾಡ್ಲೇನ್ರಿ?” ಎಂದೆ. ಅವರು ಉತ್ತರ ಕೊಡಲಿಲ್ಲ. ಮುನಿಸೆಂದುಕೊಂಡು ಹತ್ತಿರ ಹೋಗಿ ಮತ್ತೆ ಕೇಳಿದೆ.

“ಆ ಕಡೆಯಿಂದ ಬಾ, ಎಡಗಿವಿ ಮಂದ ಐತಿ,” ಎಂದರು. “ನಾಲ್ಕು ವರ್ಷ ಆತು.”

“ನಾಲ್ಕು ವರ್ಷ! ನನಗ ಯಾಕ ಹೇಳಲಿಲ್ರಿ?”

“ಹೇಳಬೇಕಂದಾಗೆಲ್ಲಾ ಯಾರರ ಬರ್ತಿದ್ರು. ಮತ್ತ, ನಮ್ಮ ಮನ್ಯಾಗ ಎಲ್ಲಾರೂ ಒದರೇ ಮಾತಾಡ್ತಾರಲ್ಲಾ, ಅಷ್ಟೇನ ತ್ರಾಸ ಆಗ್ಲಿಲ್ಲ.”

ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಆಮೇಲೆ ಅವರ ಬಲಗಡೆ ಕೂತೆ. ಅತ್ತೆಯವರ ತೂಗುಮಣೆಯ ಮೇಲೆ, ಇಬ್ಬರೂ, ಭಜಿ ತಿನ್ನುತ್ತ, ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡಿದೆವು. ಅವರು ಹಾಡು ಗುನುಗುತ್ತಾರೆಂದು ಭಾನುವಾರ ತಿಳಿಯಿತು, ಸ್ವರ ಸುಮಾರಾಗಿದೆ. ಭಾನುವಾರ ಸಂಜೆ ಅತ್ತೆಯವರು ಫೋನ್ ಮಾಡಿ, “ಶಂಭು, ಇನ್ನೆರಡ ದಿನ ಇರೋಣಂತೀವಿ, ನಿಮಗ ಬ್ಯಾಸರ ಆಗಾಕತ್ತೈತೇನೋ” ಎಂದಾಗ ಯಜಮಾನರು ಬಹಳ ದುಃಖದ ದನಿಯಲ್ಲಿ “ನಾಲ್ಕ ದಿನ ಇರ್ರಿ” ಎಂದು, ಆ ದಿನಗಳ ಬಾಡಿಗೆಯನ್ನು ತಮಗೆ ಅಂದೇ ಕಳಿಸಿದರು.

ಗುರುವಾರ ಎಲ್ಲರೂ ಬಿಸಿಲಿಗೆ ಕಂದಿದ ಮೈಯೊಂದಿಗೂ ಅಪಾರ ಕಥೆಗಳೊಂದಿಗೂ ಮರಳಿದರು. ಸೋಮವಾರ ಧಾರವಾಡದ ವೈದ್ಯರೊಬ್ಬರಲ್ಲಿ ಯಜಮಾನರ ಕಿವಿ ತೋರಿಸಿ ಬಂದಿದ್ದೆವು, ಗುಗ್ಗೆ ಗಟ್ಟಿಯಾಗಿತ್ತಷ್ಟೆ, ತೆಗೆದುಹಾಕಿದರು. ಈಗ ಅವರಿಗೆ ಎಲ್ಲವೂ, ದುರದೃಷ್ಟವಶಾತ್ ಎಲ್ಲರ ಮಾತೂ, ಸ್ಪಷ್ಟವಾಗಿ ಕೇಳುತ್ತದೆ.

ಆದ್ದರಿಂದ ಮಾನ್ಯರೇ, ನನ್ನ ದೂರೇನೆಂದರೆ, ತಮ್ಮ ‘ಗೀಜಗ’ ನಮ್ಮ ಜೀವನಶೈಲಿಗೆ ತೀರ ಚಿಕ್ಕದು. ತಿಂಗಳಿಗೊಮ್ಮೆಯಾದರೂ, ದಾರಿಯಲ್ಲಿ ಇನ್ನಿಬ್ಬರು ನೆಂಟರು ಹತ್ತಿದರೂ ಯಾರೂ ಇಳಿದು ಮನೆಗೆ ಮರಳದಂತೆ, ಹನ್ನೊಂದು ಆಸನಗಳ ಗಾಡಿಯೊಂದನ್ನು ನಾವಿಬ್ಬರು ಹತ್ತದಿರುವ ಖಚಿತ ಷರತ್ತಿನ ಮೇಲೆ ಬೆಂಗೇರಿಗೆ ಕಳಿಸಿಕೊಡಬೇಕು. ನೀರಿನ ತೊಟ್ಟಿ ಮಲಪ್ರಭೆಗೆ ನೇರ ಜೋಡಿಸಿದ್ದರೆ ಒಳ್ಳೆಯದು. ಪ್ರತಿ ಊರು ದಾಟಿದಾಗಲೂ ಗಾಡಿಯೇ “ಮುಂದಿನ ಊರ ಇನ್ನೂ ಛಲೋ ಐತ್ರಿ” ಎಂದು ನುಡಿಯಬೇಕು. ಹಿಂದಕ್ಕೆ ಬರುವ ಗೇರು ಇಲ್ಲದ ಮಾದರಿ ತಮ್ಮಲ್ಲಿದ್ದರೆ ದರ ಕೇಳದೆ ಒಪ್ಪಿಕೊಳ್ಳುತ್ತೇವೆ.

ತಮ್ಮ ಗಾಡಿಯಿಂದ ಇಳಿದು ಸುಖಪಟ್ಟ,
ತಮ್ಮ ವಿಶ್ವಾಸಿ,
ವಾಣಿಶ್ರೀ ಶಂಭುಲಿಂಗ ಉಳ್ಳಾಗಡ್ಡಿ

ತಾ.ಕ.: ತಮ್ಮ ಕರಪತ್ರದ ಮುಖಪುಟದಲ್ಲಿ ಗಂಡ ಹೆಂಡತಿ ಇಬ್ಬರೇ ಹೊಳೆದಂಡೆಯಲ್ಲಿ ಗಾಡಿಯ ಮುಂದೆ ಕೂತು ಏಕಾಂತದಲ್ಲಿ ನಗುತ್ತಿರುವ ಚಿತ್ರವಿದೆ. ಆ ಫೋಟೊ ತೆಗೆದವರು ಯಾರೆಂದು ದಯವಿಟ್ಟು ತಿಳಿಸಬೇಕು. ಮೈದುನನೇ ಇರಬೇಕೆಂದು ನನ್ನ ಊಹೆ.