ಅವನ ಬೋಟು, ನನ್ನ ತಪಾಸಣೆ

ಹಳೆ ಎಂಜಿನ್ ಮಾರುವವರು ಊರಲ್ಲಿ ಇರುವಷ್ಟು ದಿನ, ಅದನ್ನು ಕೊಳ್ಳುವ ಮೊದಲು ನನ್ನಂಥವನನ್ನು ಕರೆದುಕೊಂಡು ಹೋಗುವವರು ಇರುವಷ್ಟು ದಿನ, ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಾನು ನಗುವುದು ಕಡಿಮೆ, ಅದು ಬೇರೆ ವಿಷಯ.

ನಾನು ಪರೀಕ್ಷಿಸುವುದು ಮೀನಿನ ಬೋಟುಗಳನ್ನಲ್ಲ, ವೇಗದ ಬೋಟುಗಳ ಎಂಜಿನ್ನನ್ನು. ಹಿಂದುಗಡೆ ಎರಡೆರಡು ಎಂಜಿನ್ ಕಟ್ಟಿಕೊಂಡು ನೀರು ಸೀಳಿಕೊಂಡು ಹೋಗುತ್ತವಲ್ಲ, ಅಂಥವು. ರೆಸಾರ್ಟಿನವರು, ಹೊಟೇಲಿನವರು ಕೆಲವು ವರ್ಷ ಓಡಿಸಿ ಮಾರುತ್ತಾರೆ. ನಾನು ಸರಿ ಉಂಟು ಎಂದರೆ ಕೊಳ್ಳುವವರು ಕೊಳ್ಳುತ್ತಾರೆ, ಬೇಡ ಎಂದರೆ ಬಿಡುತ್ತಾರೆ. ಈವರೆಗೆ ಯಾರ ಮುಲಾಜಿಗೂ ಸುಳ್ಳು ಹೇಳಿದವನಲ್ಲ. ನಮ್ಮದು ತಲೆಮಾರುಗಳಿಂದ ಕಡಲಿಗಿಳಿದ ಕುಟುಂಬ. ಆದರೆ ಈ ಹೊತ್ತಿಗೆ ನನ್ನ ಹೆಸರಿನಲ್ಲಿರುವ ವಾಹನ ದೇರೆಬೈಲಿನ ಮನೆಯೆದುರು ನಿಂತ ಸ್ಕೂಟರ್ ಒಂದೇ.

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಶಾಲಾ ಗೆಳೆಯ ಬಂದ. ಬ್ಯಾರಿ ವ್ಯಾಪಾರಸ್ಥರ ಮನೆತನ, ಬಂದರಿನಲ್ಲಿ ಅಂಗಡಿ, ಮೊದಲು ದುಬೈಯಲ್ಲಿ ಇದ್ದವನು.

"ಒಂದು ಸ್ಪೀಡ್ ಬೋಟ್ ತೆಗೊಳ್ಳುವ ಅಂತ ಉಂಟು ಮಾರಾಯ. ನೀನು ಹೂಂ ಅಂದರೆ ಮಾತ್ರ. ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ, ತಂದು ನಿಲ್ಲಿಸಿದ ಮೇಲೆಯೇ ಹೇಳುದು."

ಹತ್ತನೇ ಕ್ಲಾಸಿನಲ್ಲಿ ಇವನಿಗೆ ಫಿಸಿಕ್ಸ್ ಹೇಳಿಕೊಟ್ಟವನು ನಾನು. ಪಿಸ್ಟನ್ ಯಾಕೆ ಸುಮ್ಮನೆ ಒಂದು ಕಡೆ ನಿಲ್ಲಬಾರದು ಎಂದು ಕೇಳಿದವನು ಇವನು. ಇವನಿಗೆ ಎರಡು ಎಂಜಿನ್ನಿನ ಬೋಟು! ನನ್ನ ಹೊಟ್ಟೆಯೊಳಗೆ ಏನೋ ಒಂದು ಸ್ಟಾರ್ಟ್ ಆಯಿತು. ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ, ನಾನದನ್ನು ನ್ಯಾಯಪ್ರಜ್ಞೆ ಎನ್ನುತ್ತೇನೆ.

"ಎಂಜಿನ್ ನೋಡಿ ಹೇಳ್ತೇನೆ," ಎಂದೆ.

ತಣ್ಣಗಿನ ಎಂಜಿನ್

ನನ್ನದೊಂದು ಕಟ್ಟುನಿಟ್ಟಿನ ನಿಯಮ. ನಾನು ಹೋಗುವಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟರೆ ಎಂಥ ಸೋಮಾರಿ ಎಂಜಿನ್ನೂ ಒಂದೇ ಸಲಕ್ಕೆ ಎದ್ದು ನಿಲ್ಲುತ್ತದೆ, ಅದರ ನಿಜವಾದ ರೋಗ ತಿಳಿಯುವುದೇ ಇಲ್ಲ. ಹಾಗಾಗಿ ಮೊದಲ ಬೋಟಿನ ಮಾಲಿಕನಿಗೆ ಫೋನಿನಲ್ಲೇ ಎಚ್ಚರಿಸಿದ್ದೆ: "ಕೈ ಇಟ್ಟು ನೋಡ್ತೇನೆ. ಬಿಸಿ ಇದ್ದರೆ ಹಾಗೇ ಹಿಂದೆ ಹೋಗ್ತೇನೆ."

ಆ ಮನುಷ್ಯನದು ಮೀನಿನ ವ್ಯಾಪಾರ. ನದಿಬದಿಗೆ ಹೋಗಿ ನೋಡಿದರೆ ಎರಡು ಎಂಜಿನ್‌ಗಳಿಗೂ ಗೋಣಿಚೀಲ ಸುತ್ತಿದ್ದರು. ಗೋಣಿ ಬಿಚ್ಚಿದೆ. ಒಳಗೆ ಕುತ್ತಿಗೆಮಟ್ಟ ಐಸು. ಮೀನಿನ ಪೆಟ್ಟಿಗೆಗೆ ಹಾಕುವ ಪುಡಿ ಐಸು!

"ಇದೆಂತ?"

"ನೀವೇ ಹೇಳಿದ್ದಲ್ವಾ ಸಾರ್, ತಣ್ಣಗಿರಬೇಕು ಅಂತ?"

"ಅದು ತನ್ನಷ್ಟಕ್ಕೇ ತಣ್ಣಗಿರಬೇಕು ಮಾರಾಯ್ರೆ!"

"ಇತ್ತು ಸಾರ್. ನೀವು ಬರುವ ಮೊದಲು ಸ್ಟಾರ್ಟ್ ಆಗ್ತದಾ ಅಂತ ಸ್ವಲ್ಪ ಓಡಿಸಿ ನೋಡಿದೆ. ಬಿಸಿ ಆಯ್ತು. ನೀವು ಹಿಂದೆ ಹೋದರೆ ಕಷ್ಟ ಅಂತ ಐಸ್ ಹಾಕಿಸಿದೆ."

ಕಾದ ಲೋಹಕ್ಕೆ ಐಸು ಸುರಿದರೆ ಬಿರುಕು ಬಿಡುತ್ತದೆಂದು ಆತನಿಗೆ ವಿವರಿಸಿದೆ. ಆತ ಶ್ರದ್ಧೆಯಿಂದ ಕೇಳಿಸಿಕೊಂಡು, "ಮೀನಿಗೆ ಏನೂ ಆಗುದಿಲ್ಲ ಸಾರ್," ಎಂದ. ನಾನು ಖಡಾಖಂಡಿತವಾಗಿ ಬೇಡ ಎಂದೆ. ಅಷ್ಟರಲ್ಲಿ ಐಸಿನೊಳಗಿಂದ ಒಂದು ಬೂತಾಯಿ ಮೀನು ಜಾರಿ ಕೆಳಗೆ ಬಿತ್ತು. ಗೆಳೆಯ ಅದನ್ನೆತ್ತಿ, ಕಿವಿರು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದ.

"ಇದು ಪಾಸ್ ಮಾರಾಯ," ಎಂದ.

ವಾಮಂಜೂರಿನ ಬಾಣಂತಿ

ಎರಡನೆಯ ಬೋಟು ಇದ್ದದ್ದು ವಾಮಂಜೂರಿನಲ್ಲಿ, ಗದ್ದೆಯ ಬದಿಯ ಒಂದು ಶೆಡ್ಡಿನಲ್ಲಿ.

"ಉಪ್ಪುನೀರು ಮುಟ್ಟಿದ್ದೇ ಇಲ್ಲ ಸಾರ್," ಎಂದ ಮಾಲಿಕ ಹೆಮ್ಮೆಯಿಂದ.

ಅದು ನಿಜ. ಸಿಹಿನೀರನ್ನೂ ಮುಟ್ಟಿರಲಿಲ್ಲ. ಕೊಂಡ ಮೇಲೆ ಅದು ಆ ಶೆಡ್ಡಿನಿಂದ ಹೊರಗೆ ಬಂದದ್ದೇ ಆಯುಧಪೂಜೆಗೆ. ಎಂಜಿನ್ನಿನ ಮೇಲಿನ ಮುಚ್ಚಳ ಎತ್ತಿದೆ. ಒಳಗೆ ಬೈಹುಲ್ಲಿನ ಮೆತ್ತೆ, ಮೆತ್ತೆಯ ಮೇಲೆ ಕಣ್ಣು ಬಿಡದ ಇಲಿಮರಿಗಳು. ತಾಯಿ ಇಲಿ ಒಂದು ವಯರನ್ನು ಬಾಯಲ್ಲಿ ಕಚ್ಚಿಕೊಂಡೇ ನನ್ನನ್ನು ದುರುಗುಟ್ಟಿ ನೋಡಿತು.

ಮಾಲಿಕನ ಅಮ್ಮ ಓಡಿ ಬಂದರು. "ಅಯ್ಯೋ, ಮುಚ್ಚಿ ಮಾರಾಯ್ರೆ, ಎಳೆ ಮಕ್ಕಳಿಗೆ ಗಾಳಿ ತಾಗ್ತದೆ!"

"ಅಮ್ಮ, ಇದು ಎಂಜಿನ್. ನಾನು ಸ್ಟಾರ್ಟ್ ಮಾಡಿ ನೋಡ್ಬೇಕು."

"ಬಾಣಂತಿಯನ್ನು ಎಬ್ಬಿಸಿ ಸ್ಟಾರ್ಟ್ ಮಾಡುದಾ? ನೀವು ಓದಿದವರು ಅಲ್ವಾ?"

ಗೆಳೆಯ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಪಾಪ ಮಾರಾಯ, ಕಣ್ಣು ಬಿಡುವವರೆಗೆ ಕಾಯುವ."

ಇಪ್ಪತ್ತು ಕಡೆ ಇಲಿ ವಯರು ತಿಂದ ಎಂಜಿನ್ನಿಗೆ ಕಾಯುವುದೆಂತದು? ಬೇಡ ಎಂದೆ. ಮುಚ್ಚಳವನ್ನು ಮಾತ್ರ ಮೆಲ್ಲಗೆ, ಸದ್ದಾಗದಂತೆ ಮುಚ್ಚಿದೆ. ಹಿಂದೆ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ಊರಿನಲ್ಲಿ ಇಲಿಗೂ ಎರಡು ಎಂಜಿನ್ನಿನ ಬೋಟು ಉಂಟು.

ಒಳಗಿನ ಗೀರು

ಮೂರನೆಯ ಎಂಜಿನ್ ಹೊರಗಿನಿಂದ ಮದುಮಗನ ಹಾಗಿತ್ತು. ಆದರೆ ನಾನು ಹೊರಗಿನ ಪೈಂಟ್ ನಂಬುವವನಲ್ಲ. ಪ್ಲಗ್ಗಿನ ತೂತಿನೊಳಗೆ ಸಪೂರದ ಕ್ಯಾಮೆರಾ ಇಳಿಸಿದೆ. ಒಳಗೆ ಕೆಂಪು ತುಕ್ಕು, ಎಣ್ಣೆಯ ಪಸೆ, ಉದ್ದಕ್ಕೆ ಒಂದು ಗೀರು. ಗೆಳೆಯ ಆ ಚಿತ್ರವನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡ. ಅದನ್ನು ದುಬೈಯ ಒಬ್ಬ ಮೆಕ್ಯಾನಿಕ್ಕಿಗೆ ಕಳಿಸಲು ಹೋಗಿ, ಕಳಿಸಿದ್ದು ಕುಟುಂಬದ ವಾಟ್ಸಾಪ್ ಗ್ರೂಪಿಗೆ. ಕೆಳಗೊಂದು ಸಾಲು ಬೇರೆ: "ಒಳಗೆ ಹೀಗುಂಟು. ಇನ್ನು ಎಷ್ಟು ದಿನ ಬರಬಹುದು?"

ಸಂಜೆ ನನಗೆ ಅವನ ಅಕ್ಕನ ಫೋನು.

"ಒಳಗೆ ಕ್ಯಾಮೆರಾ ಹಾಕಿ ನೋಡುವಾಗ ಅವನ ಜೊತೆಗೆ ಇದ್ದದ್ದು ನೀವಂತೆ. ನೀವು ಸುಳ್ಳು ಹೇಳುವವರಲ್ಲ. ಹೇಗುಂಟು?"

ಬೋಟಿನ ಗುಟ್ಟು ಮನೆಯಲ್ಲಿ ಗೊತ್ತಾಯಿತೆಂದುಕೊಂಡೆ. ಸತ್ಯವನ್ನೇ ಹೇಳಿದೆ. "ಒಳಗೆ ಪೂರ್ತಿ ಹಾಳಾಗಿದೆ. ಬಿಚ್ಚಿ ಸರಿ ಮಾಡಬಹುದು, ಆದರೆ ಖರ್ಚು ಮಾಡಿ ಪ್ರಯೋಜನ ಇಲ್ಲ. ಆಸೆ ಬಿಟ್ಟುಬಿಡುವುದು ಒಳ್ಳೆಯದು."

ಫೋನಿನ ಆ ಕಡೆ ಒಮ್ಮೆಲೇ ಹತ್ತಾರು ಜನ ಅತ್ತದ್ದು ಕೇಳಿಸಿತು.

ನಾನು ಸ್ಕೂಟರಿನಲ್ಲಿ ಅವನ ಮನೆ ಮುಟ್ಟುವಾಗ ಜಗಲಿ ತುಂಬ ಚಪ್ಪಲಿ, ಒಳಗೆ ಬುಟ್ಟಿಗಟ್ಟಲೆ ಕಿತ್ತಳೆ, ಎಳನೀರು. ಫಳ್ನೀರಿನ ಹೊಟ್ಟೆಯ ಡಾಕ್ಟರರ ಅಪಾಯಿಂಟ್‌ಮೆಂಟೂ ಆಗಿತ್ತು. ನಡುವೆ ಗೆಳೆಯ, "ಅದು ಎಂಜಿನ್, ಎಂಜಿನ್!" ಎಂದು ಬೊಬ್ಬೆ ಹೊಡೆಯುತ್ತಿದ್ದ. ಅಕ್ಕ ಅವನ ತಲೆ ಸವರುತ್ತಾ, "ಹೌದು ಮಗಾ, ಹೊಟ್ಟೆಯೇ ನಮ್ಮ ಎಂಜಿನ್," ಎನ್ನುತ್ತಿದ್ದರು.

ಹೋದ ವರ್ಷ ಅದೇ ಫಳ್ನೀರಿನಲ್ಲಿ ನನ್ನ ಹೊಟ್ಟೆಗೆ ನಿಜವಾಗಿಯೂ ಕ್ಯಾಮೆರಾ ಇಳಿಸಿದ್ದರು. ಒಂದೇ ಒಂದು ಕಿತ್ತಳೆ ಬರಲಿಲ್ಲ.

ದೋಷವಿಲ್ಲದ್ದು

ಕೊನೆಗೆ ಬಂತು ಒಂದು ಹೊಟೇಲಿನ ಬೋಟು. ಎಂಜಿನ್ ಮುಟ್ಟಿದೆ, ತನ್ನಷ್ಟಕ್ಕೇ ತಣ್ಣಗಿತ್ತು. ಒಂದೊಂದಾಗಿ ಕೀಲಿ ತಿರುಗಿಸಿದೆ, ಎರಡೂ ಕರೆದ ಕೂಡಲೇ ಓಗೊಟ್ಟವು. ಕ್ಯಾಮೆರಾ ಇಳಿಸಿದೆ, ಒಳಗೆ ಕನ್ನಡಿ. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿದೆ, ಮೂಸಿದೆ, ನೀರಿನ ಅಂಶ ಇಲ್ಲ. ಒತ್ತಡ ಅಳೆದೆ, ಎಲ್ಲ ಸಿಲಿಂಡರುಗಳೂ ಒಂದೇ ತಾಯಿಯ ಮಕ್ಕಳ ಹಾಗೆ. ಇನ್ನೊಮ್ಮೆ ಅಳೆದೆ. ಅಂಗಾತ ಮಲಗಿ ಟಾರ್ಚು ಬಿಟ್ಟು ನೋಡಿದೆ. ಒಂದು ಬೋಲ್ಟಿನ ಮೇಲೆ ಕಂದು ಬಣ್ಣದ ಕಲೆ ಕಂಡು ಜೀವ ಬಂದ ಹಾಗಾಯಿತು. ಕರ್ಚೀಫಿನಿಂದ ಒರೆಸಿದರೆ ಹೋಯಿತು. ಯಾರೋ ಚೆಲ್ಲಿದ ಚಾ.

ಬೋಟನ್ನು ಅಳಿವೆಯ ಕಡೆಗೆ ಓಡಿಸಿದೆ. ಪೂರ್ತಿ ವೇಗ ಕೊಟ್ಟೆ. ಹೊಗೆಯಿಲ್ಲ, ನಡುಕವಿಲ್ಲ, ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ. ಸ್ಟಿಯರಿಂಗ್ ನನ್ನ ಕೈಗೆಂದೇ ಮಾಡಿಸಿದ ಹಾಗಿತ್ತು. ಹಿಂದೆ ತಿರುಗಿ ನೋಡಿದರೆ ಗೆಳೆಯ ಕಪ್ಪು ಕನ್ನಡಕ ಹಾಕಿ, ಕಾಲ ಮೇಲೆ ಕಾಲು ಹಾಕಿ, ಹೊಟೇಲಿನ ಮ್ಯಾನೇಜರನಿಗೆ ಖರ್ಜೂರ ಕೊಡುತ್ತಿದ್ದ.

ದಡಕ್ಕೆ ಬಂದು ಬಹಳ ಹೊತ್ತು ಕೈ ತೊಳೆದೆ. ಬೇಡ ಎಂಬ ಒಂದು ಮಾತು ಸಾಕು, ಈ ಬೋಟು ಅವನದ್ದಾಗುವುದಿಲ್ಲ. ಆದರೆ ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. ಸತ್ಯವೂ ಆ ದಿನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಅಂತೂ ಧೈರ್ಯ ಮಾಡಿ, "ನೋಡು, ನನ್ನ ಅಭಿಪ್ರಾಯ ಎಂತ ಅಂದರೆ..." ಎಂದು ತಿರುಗಿದೆ.

ಗೆಳೆಯ ಮ್ಯಾನೇಜರನ ಕೈ ಕುಲುಕಿ ಮುಗಿದಿತ್ತು. ಬೋಟಿನ ಕೀಲಿ ಅವನ ಜೇಬಿನಲ್ಲಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ನಾನು ಹೂಂ ಅನ್ನದೆ ತೆಗೊಳ್ಳುದಿಲ್ಲ ಅಂದಿದ್ದೆ ನೀನು! ರಿಪೋರ್ಟು ಕೇಳ್ಬೇಡ್ವಾ?"

"ನಿನ್ನ ಒತ್ತಡ, ಎಣ್ಣೆ ಎಲ್ಲ ನನಗೆ ಎಂತ ಗೊತ್ತಾಗ್ತದೆ ಮಾರಾಯ?" ಎಂದ. "ಐಸಿನ ಎಂಜಿನ್ ಬೇಡ ಅಂದ ದಿನ ನೀನೇ ಕರೆದು ಚಾ ಕುಡಿಸಿದೆ. ಶಾಲೆ ಬಿಟ್ಟ ಮೇಲೆ ನೀನು ಚಾ ಕುಡಿಸಿದ್ದು ಅದೇ ಮೊದಲು. ಇಲಿಮರಿ ಕಂಡ ದಿನ ನಿನ್ನ ಮನೆ ಗೇಟಿನಲ್ಲಿ ನಿಂತು ನನ್ನ ಕಾರು ಮರೆಯಾಗುವವರೆಗೆ ಕೈ ಬೀಸಿದೆ. ಗೀರು ಸಿಕ್ಕಿದ ದಿನ ಹೆಗಲ ಮೇಲೆ ಕೈ ಹಾಕಿ ನಡೆದೆ. ಇವತ್ತು ಮೊದಲ ಎಂಜಿನ್ ಸ್ಟಾರ್ಟ್ ಆದಾಗ ನಿನ್ನ ಮುಖ ಬಾಡಿತು. ಎರಡನೆಯದೂ ಸ್ಟಾರ್ಟ್ ಆದಾಗ ನೀನು ಅಳುವ ಹಾಗೆ ಆದೆ. ನಾನು ಆಗಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ."