ತೋರುಬೆರಳು ಹುಡುಕಿದ ತಪ್ಪಿಗೆ

ಅಪಘಾತ ವಿಮಾ ಕಂಪನಿಯ ಕ್ಲೇಮು ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮಗೂ ತಮ್ಮ ಹತ್ತೂ ಬೆರಳುಗಳಿಗೂ ಆಯುರಾರೋಗ್ಯ ಕೋರುತ್ತಾ, ಪೀಠೋಪಕರಣದ ವರ್ಕ್‌ಶಾಪಿನಲ್ಲಿ ಉಪ್ಪುಕಾಗದ ಉಜ್ಜಿ ಪಾಲಿಶ್ ಹಚ್ಚುವವಳೂ ಅದೇ ವರ್ಕ್‌ಶಾಪಿನ ಬಡಗಿಯ ಹೆಂಡತಿಯೂ ಆದ ನಾನು ಮಾಡಿಕೊಳ್ಳುವ ಅರಿಕೆ. ಇದೇ ವಿಷಯವಾಗಿ ಕಳಿಸಿದ ಮೂರು ರಿಜಿಸ್ಟರ್ಡ್ ಪತ್ರಗಳು ತಮ್ಮ ಮೇಜಿನ ಮೇಲೆ ವಿಶ್ರಾಂತಿ ಪಡೆಯುತ್ತಿರುವುದರಿಂದ ನಾಲ್ಕನೆಯದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಯಾರಾದರೊಬ್ಬರು ತಮಗೂ ಓದಿ ಹೇಳಿಯಾರು.

ನಡೆದದ್ದು ಇಷ್ಟು. ಬಾಗಿಲಿನ ಹಲಗೆ ಸೀಳುತ್ತಿದ್ದಾಗ ಗರಗಸದ ಯಂತ್ರವು ನಮ್ಮ ಯಜಮಾನರ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬುಡಸಮೇತ ತೆಗೆದುಹಾಕಿತು. ಮಾಲೀಕರು ನೀರು ತರಲು ಓಡಿದರು, ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು, ನಾನು ಮಾತ್ರ ಮಂಡಿಯೂರಿ ಮರದ ಹೊಟ್ಟಿನ ರಾಶಿಯನ್ನು ಕಾಳು ಆರಿಸುವಂತೆ ಆರಿಸಿ ತೋರುಬೆರಳನ್ನು ಹುಡುಕಿದೆ. ಹೆಬ್ಬೆರಳು ಸಿಗಲೇ ಇಲ್ಲ. ಸಿಕ್ಕಿದ್ದನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲವನ್ನು ಐಸಿನ ಮೇಲಿಟ್ಟು, ನನ್ನ ಊಟದ ಡಬ್ಬಿಯಲ್ಲೇ ಆಸ್ಪತ್ರೆಗೆ ಒಯ್ದೆ. ಈ ಬುದ್ಧಿ ನನಗೆಲ್ಲಿಂದ ಬಂತೆಂದು ಡಾಕ್ಟರು ಬೆರಗಾದರು. ಎಲ್ಲವೂ ತಮ್ಮ ಕೃಪೆ ಮಾನ್ಯರೇ. ಗರಗಸದ ಎದುರಿನ ಗೋಡೆಗೆ ತಮ್ಮ ಕಂಪನಿಯವರೇ ಅಂಟಿಸಿಹೋದ ಸುರಕ್ಷತೆಯ ಪೋಸ್ಟರಿನಲ್ಲಿ ನಾಲ್ಕು ಚಿತ್ರಗಳ ಸಮೇತ ಹಾಗೆಯೇ ಬರೆದಿದೆ, ಮತ್ತು ನಾನು ಮೂರು ವರ್ಷ ಅದರ ಕೆಳಗೇ ಕೂತು ಊಟ ಮಾಡಿದ್ದೇನೆ.

ಡಾಕ್ಟರು ಏಳು ಗಂಟೆ ಕಾಲ ಹೊಲಿದು ಬೆರಳನ್ನು ಕೂಡಿಸಿದರು. ತಿಳಿಯದವರಾದ ನಾವು ಸಂತೋಷಪಟ್ಟೆವು.

ಆಮೇಲೆ ತಮ್ಮ ಪತ್ರ ಬಂದು ಕಣ್ಣು ತೆರೆಸಿತು. ಪಾಲಿಸಿಯ ಹಿಂಬದಿಯ ಪಟ್ಟಿಯ ಪ್ರಕಾರ ಎರಡೂ ಕೈ ಹೋದರೆ ಪೂರ್ತಿ ಮೊತ್ತ, ಒಂದು ಕೈ ಹೋದರೆ ಅರ್ಧ, ಒಂದೇ ಕೈಯ ಹೆಬ್ಬೆರಳು ಮತ್ತು ತೋರುಬೆರಳು ಎರಡೂ ಹೋದರೆ ಕಾಲು ಭಾಗ, ಹೆಬ್ಬೆರಳೊಂದೇ ಹೋದರೆ ತಮ್ಮ ಸಹಾನುಭೂತಿ. ತೋರುಬೆರಳು ಸ್ವಸ್ಥಾನದಲ್ಲಿ ಇರುವುದರಿಂದ ಅದು ಹೋದದ್ದಲ್ಲವಂತೆ. ಅದು ಮಡಚುವುದಿಲ್ಲ, ಬಿಸಿ ತಿಳಿಯುವುದಿಲ್ಲ, ಹೋದ ತಿಂಗಳು ಕಾದ ಲೋಟ ತಗುಲಿ ಗುಳ್ಳೆ ಎದ್ದದ್ದನ್ನು ಯಜಮಾನರು ಕಣ್ಣಿಂದ ನೋಡಿಯೇ ಅರಿತರು ಎಂಬುದಕ್ಕೆಲ್ಲ ಪಟ್ಟಿಯಲ್ಲಿ ಜಾಗವಿಲ್ಲ. ಬೆರಳು ತೋರಿಸಿದರೆ ಹಸ್ತವನ್ನೇ ನುಂಗುವವರಿದ್ದಾರೆ ಎಂದು ನಮ್ಮತ್ತೆ ಎಚ್ಚರಿಸುತ್ತಿದ್ದರು. ತಾವು ಅಂಥವರಲ್ಲ, ಬೆರಳು ತೋರಿಸಿದರೆ ಗೆಣ್ಣು ಎಣಿಸಿ ಗೌರವದಿಂದ ವಾಪಸು ಕೊಡುವವರು.

ಎರಡೂ ಬೆರಳು ಹುಡುಕಿದ್ದರೆ ಯಜಮಾನರು ಇವತ್ತಿಗೂ ಉಳಿ ಹಿಡಿಯುತ್ತಿದ್ದರೇನೋ, ಒಂದನ್ನೂ ಹುಡುಕದಿದ್ದರೆ ಕಾಲು ಭಾಗ ಬರುತ್ತಿತ್ತು. ಸರಿಯಾಗಿ ಒಂದನ್ನೇ ಹುಡುಕಿದ ನನ್ನ ಅವಿವೇಕವನ್ನು ಮನ್ನಿಸಬೇಕು. ಮೂವತ್ತು ವರ್ಷ ಮರಗೆಲಸ ಮಾಡಿದವರು ಈಗ ಅದೇ ವರ್ಕ್‌ಶಾಪಿನ ಗೇಟು ಕಾಯುತ್ತಾ ಸ್ಟೂಲಿನ ಮೇಲೆ ಕೂತು ಲಾರಿ ಬಂದರೆ ಎದ್ದು ನಿಲ್ಲುತ್ತಾರೆ. ಅದನ್ನು ಒಳಗಿನಿಂದ ನೋಡುತ್ತಾ ನಾನು ಉಪ್ಪುಕಾಗದ ಉಜ್ಜುತ್ತೇನೆ. ತಮ್ಮ ಮುಂದಿನ ಪೋಸ್ಟರಿಗೆ ಐದನೆಯ ಚಿತ್ರವೊಂದನ್ನು ಸೇರಿಸಬೇಕಾಗಿ ಪ್ರಾರ್ಥನೆ: ಸಿಕ್ಕ ಬೆರಳನ್ನು ಹೊಟ್ಟಿನಲ್ಲೇ ಮುಚ್ಚಿಡಿ, ಪಟ್ಟಿ ಓದಿ, ಅಳುವುದು ಆಮೇಲೆ.

ಇದರ ನಡುವೆ ಯಜಮಾನರಿಗೆ ದೂರದ ಅಣ್ಣನಾಗಬೇಕಾದ ತಮ್ಮ ಏಜೆಂಟರು ಮನೆಗೆ ಬಂದು, “ಅಪಘಾತ ಆಗಿ ನೂರೆಂಬತ್ತು ದಿನದೊಳಗೆ ಡಾಕ್ಟ್ರೇ ಆ ಬೆರಳು ತೆಗೆದ್ರೆ ಹೋಗಿದ್ದು ಅಂತಾನೇ ಲೆಕ್ಕ ಕಣಪ್ಪ, ಇನ್ನೂ ಹನ್ನೊಂದು ದಿನ ಇದೆ” ಎಂದು ಉಪಕಾರ ಮಾಡಿದರು. ಯಜಮಾನರು ಎರಡು ದಿನ ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೂರನೆಯ ದಿನ, ಕೆಲಸಕ್ಕೆ ಬಾರದ ಬೆರಳನ್ನು ಇಟ್ಟುಕೊಂಡು ಏನು ಮಾಡುವುದು, ಬರುವ ದುಡ್ಡಿನಲ್ಲಿ ಮೊಳೆ, ಚಿಲಕ, ತಿರುಪು ಮಾರುವ ಸಣ್ಣ ಅಂಗಡಿಯನ್ನಾದರೂ ಇಡಬಹುದು ಎಂದು ಹೇಳಿ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿ ಬಂದರು. ತೆಗೆದ ಬೆರಳನ್ನು ಸ್ವೀಕರಿಸಲು ತಾವೇ ತಟ್ಟೆ ಹಿಡಿದು ಬರಬೇಕೆಂದು ಆಹ್ವಾನ ಕಳಿಸುವ ಮನಸ್ಸಿತ್ತು. ಹೇಗೂ ಕಾಲು ಭಾಗ ಕೊಟ್ಟು ಕೊಳ್ಳುತ್ತಿದ್ದವರು ತಾವೇ ತಾನೇ?

ನೂರೆಪ್ಪತ್ತೆಂಟನೆಯ ದಿನ ಆಸ್ಪತ್ರೆಯಲ್ಲಿ ಅವರು ಅಂಗಿಯ ತೋಳು ಮಡಿಸಿ ಕೂತಿದ್ದರು, ನರ್ಸಮ್ಮ ಒಪ್ಪಿಗೆಯ ಕಾಗದ ಹಿಡಿದು ಬಂದಿದ್ದರು. ಜೊತೆಗೆ ಹೋಗಿದ್ದ ನಾನು, ತಮ್ಮ ಪಟ್ಟಿಯನ್ನು ಮರೆತು, “ಏಳ್ರೀ ಮೇಲೆ. ಹೊಟ್ಟಲ್ಲಿ ಹುಡುಕಿದ್ದು ನಾನು, ಡಬ್ಬೀಲಿ ತಂದಿದ್ದು ನಾನು. ಅದು ನನ್ನ ಬೆರಳು. ಕೊಡೋಕೆ ನೀವ್ಯಾರು?” ಎಂದುಬಿಟ್ಟೆ. ನರ್ಸಮ್ಮ ನಕ್ಕರು. ಯಜಮಾನರು ನಗಲಿಲ್ಲ, ಅತ್ತರು, ನಾನೂ ಅತ್ತೆ. ಆಮೇಲೆ ಬಸ್ಸು ಹಿಡಿದು ಮನೆಗೆ ಬಂದೆವು.

ಗಡುವು ಮುಗಿದು ಇಂದಿಗೆ ಒಂಬತ್ತು ದಿನ. ಕಾಲು ಭಾಗ ತಮ್ಮಲ್ಲೇ ಕ್ಷೇಮವಾಗಿದೆ, ಬೆರಳು ನಮ್ಮಲ್ಲಿದೆ.

ಇಂತಿ, ಪಟ್ಟಿ ಓದದೆ ಬೆರಳು ಹುಡುಕಿದ
ತಮ್ಮ ವಿಶ್ವಾಸಿ,
ಬಡಗಿಯ ಹೆಂಡತಿ

ಬರೆಯಲು ಮರೆತದ್ದು: ತಮ್ಮ ಪತ್ರದ ಜೊತೆ ಸಹಿಗೆಂದು ಬಂದಿದ್ದ, ‘ಕ್ಲೇಮಿನ ತಿರಸ್ಕಾರವನ್ನು ಒಪ್ಪಿರುತ್ತೇನೆ’ ಎಂಬ ಕಾಗದವನ್ನು, ಯಜಮಾನರ ಎಡಗೈ ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲವೆಂದು ತಾವು ಎರಡು ಸಲ ಹಿಂದಿರುಗಿಸಿದ್ದೀರಿ. ಈ ಸಲ ಅವರು ಪೆನ್ನನ್ನು ಆ ತೋರುಬೆರಳಿಗೂ ನಡುಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬಲಗೈಯಲ್ಲೇ, ಮುಕ್ಕಾಲು ಗಂಟೆ ಕೂತು ಸಹಿ ಮಾಡಿದ್ದಾರೆ. ಕೊನೆಯ ಅಕ್ಷರಕ್ಕೆ ಬೆರಳು ಒಂದಿಷ್ಟೇ ಇಷ್ಟು ಮಡಚಿತು, ನಾನು ಕಣ್ಣಾರೆ ಕಂಡೆ. ಇದೂ ಹೊಂದದಿದ್ದರೆ ದಯಮಾಡಿ ಮತ್ತೆ ಹಿಂದಿರುಗಿಸಿ, ಅದರ ಮುಂದಿನದನ್ನೂ ಹಿಂದಿರುಗಿಸಿ; ಅವರಿಗೆ ಅಭ್ಯಾಸ ಬೇಕಾಗಿದೆ.