ಹೊತ್ತು ಮುಳುಗುವುದರೊಳಗೆ ಹೋಳಿಗೆ

"ಅಡಿಗಿ ಅಂದ್ರ ಏನ್ ಮಹಾ ವಿದ್ಯಾ? ಇಷ್ಟೆಲ್ಲಾ ಪುಸ್ತಕಾ ಅರದು ಕುಡದ ತಲಿಗೆ ಒಂದು ಬ್ಯಾಳಿ ಬೇಯಸೂದು ಭಾರ ಆಗತೈತೇನ!"

ಮಾಗಿಯ ಒಂದು ಮಧ್ಯಾಹ್ನ ಗೋಕಾಕದ ಅರಿವೆ ವ್ಯಾಪಾರಿ ನೇಮಿನಾಥ ತನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು, ಧೋತರದ ಚುಂಗು ಸೊಂಟಕ್ಕೆ ಬಿಗಿದು ಹೀಗೆ ಗರ್ಜಿಸಿದ. ಎಡಗೈಯಲ್ಲಿ ಊದುಗೊಳವೆ, ಬಲಗೈಯಲ್ಲಿ ಪತ್ತೇದಾರಿ ಕಾದಂಬರಿ. ಯಾವುದು ಗದೆ, ಯಾವುದು ಗುರಾಣಿ ಎಂಬುದನ್ನು ಅವನೇ ಇನ್ನೂ ತೀರ್ಮಾನಿಸಿರಲಿಲ್ಲ!

ಹೆಂಡತಿ ಕಮಲವ್ವ ಒಲೆಯ ಮಗ್ಗುಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಅವಳ ಬಲಗೈ ತುಂಬ ಅರಿಸಿನದ ಪಟ್ಟಿ. ಹಿಂದಿನ ದಿನ ಹಿತ್ತಲ ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಜಾರಿ ಮಣಿಕಟ್ಟು ಉಳುಕಿತ್ತು. ಉಳುಕುವ ಕೈಗೆ ದಿನ ವಾರ ಗೊತ್ತಿರುತ್ತದೆಯೇ? ಇವತ್ತೇ ಕಲ್ಲೋಳಿಯಿಂದ ಅವಳ ತಂದೆ ತವನಪ್ಪನವರು ಬರುವವರಿದ್ದರು.

ಬರುವುದೆಂದರೆ ಸುಮ್ಮನೆ ಬರುವುದಲ್ಲ. ತವನಪ್ಪನವರ ಸಣ್ಣ ಮಗಳು ಪದ್ಮವ್ವನನ್ನು ನೇಮಿನಾಥನ ತಮ್ಮ ಮಹಾವೀರನಿಗೆ ತರಬೇಕೆಂಬ ಮಾತು ಎದ್ದಿತ್ತು. ಹುಡುಗ ಬೆಳಗಾವಿಯಲ್ಲಿ ಓದುತ್ತಿದ್ದ. ಕಮಲವ್ವನಿಗಂತೂ ತಂಗಿ ತನ್ನ ಮನೆಗೇ ಬರುತ್ತಾಳೆಂದು ನಿದ್ದೆಯಲ್ಲೂ ನಗು. ಆದರೆ ತವನಪ್ಪನವರ ಮನಸ್ಸು ಅರ್ಧ ಆ ಕಡೆ, ಅರ್ಧ ಈ ಕಡೆ. "ಹಿರೇ ಅಳ್ಯಾ ಅಂಗಡ್ಯಾಗ ಕುಂತು ಕಾದಂಬರಿ ಓದತಾನಂತ. ತಮ್ಮಾನೂ ಅಂಥಾವನ ಇದ್ರ ನನ್ನ ಎರಡನೇ ಮಗಳೂ ಹಾಳಿ ತಿಂದು ಬದುಕಬೇಕೇನು? ಮನಿಗೆ ಬಂದು, ಉಂಡು, ನೋಡಿ ಮಾತು ಕೊಡತೀನಿ" ಎಂದು ಹೇಳಿ ಕಳಿಸಿದ್ದರು.

ಉಣ್ಣುವುದೇ ದೊಡ್ಡ ಪ್ರಶ್ನೆ! ತವನಪ್ಪನವರು ಕಟ್ಟಾ ನೇಮದ ಜೈನರು. ಹೊತ್ತು ಮುಳುಗಿದ ಮೇಲೆ ಅನ್ನ ಹಾಗಿರಲಿ, ಒಂದು ಗುಟುಕು ನೀರೂ ಗಂಟಲಿಗಿಳಿಸುವವರಲ್ಲ. ಬಜಾರದ ತಿನಿಸು ಮುಟ್ಟುವವರಲ್ಲ. ಮಾಗಿಯ ಸೂರ್ಯನೋ ಮಹಾ ಅವಸರಗಾರ. ಮಧ್ಯಾಹ್ನ ದಾಟಿತೋ ಇಲ್ಲವೋ, ಊರ ಪಕ್ಕದ ಗುಡ್ಡದ ಕಡೆಗೆ ಓಟ ಕಿತ್ತೇಬಿಡುತ್ತಾನೆ.

"ಏನ್ರಿ, ಅನ್ನಾ ಸಾರು ಮಾಡ್ರಿ, ಸಾಕು. ಮೊಸರೈತಿ, ಶೇಂಗಾ ಹಿಂಡಿ ಐತಿ" ಎಂದಳು ಕಮಲವ್ವ.

"ಅನ್ನಾ ಸಾರಾ! ಕನ್ಯಾ ಕೊಡಾಕ ಬರೂ ಮಾವಗ ಅನ್ನಾ ಸಾರಾ! ಹೋಳಿಗಿ ಮಾಡತೀನಿ. ಹೂರಣದ ಹೋಳಿಗಿ! ನೀ ಬರೇ ಬಾಯಿಲೆ ಹೇಳು, ನಾ ಕೈಲೆ ಮಾಡಿ ತೋರಸ್ತೀನಿ."

"ನಾ ಹೇಳತೀನ್ರಿ. ನೀವು ಕೇಳಬೇಕಲ್ಲ? ಮೊದಲ ಆ ಪುಸ್ತಕಾ ಅತ್ತಾಗಿಡ್ರಿ."

"ಬ್ಯಾಳಿ ಬೇಯೂತನಾ ನಾ ಏನು ಅದರ ಮಾರಿ ನೋಡಕೋತ ಕುಂದರಬೇಕಾ?"

ಮಾತಿನಲ್ಲಿ ನ್ಯಾಯವಿತ್ತು. ಕಾದಂಬರಿಯಲ್ಲಿ ನ್ಯಾಯವಿರಲಿಲ್ಲ. ಕತೆ ಮುಗಿಯಲು ಇನ್ನೆರಡು ಪ್ರಕರಣ ಉಳಿದಿದ್ದವು. ರತ್ನಹಾರ ಕದ್ದವರು ಯಾರೆಂದು ಗೊತ್ತಾಗಿರಲಿಲ್ಲ. ಎಳೆ ಪ್ರಾಯದ ನಾಯಕಿಯನ್ನು ದುಷ್ಟರು ಸುರಂಗದಲ್ಲಿ ಕೂಡಿಹಾಕಿದ್ದರು. ಅಂಥ ಹುಡುಗಿಯನ್ನು ಕತ್ತಲಲ್ಲಿ ಬಿಟ್ಟು ಕಡಲೆಬೇಳೆಯ ಯೋಗಕ್ಷೇಮ ವಿಚಾರಿಸುವುದೆಂದರೆ ಯಾವ ಗಂಡಸಿಗೆ ಸಾಧ್ಯ?

ನೀರು ಸೋಸಿದ. ಬೋಗುಣಿ ಏರಿಸಿದ. ಬೇಳೆ ಸುರಿದ. ಕಟ್ಟಿಗೆಗೆ ಇಬ್ಬನಿ ಹಿಡಿದಿತ್ತು. ಊದಿ ಊದಿ ಕಣ್ಣು ಕೆಂಡವಾದವೇ ಹೊರತು ಒಲೆಯಲ್ಲಿ ಕೆಂಡವಾಗಲಿಲ್ಲ. ಅಂತೂ ಉರಿ ಹತ್ತಿತು. ನೇಮಿನಾಥ ಮಣೆ ಎಳೆದುಕೊಂಡು ಸುರಂಗಕ್ಕೆ ಇಳಿದ.

ಸುರಂಗದಲ್ಲಿ ಹಾವು ಹೆಡೆ ಎತ್ತಿತು. ಬೋಗುಣಿಯಲ್ಲಿ ನೊರೆ ಎದ್ದಿತು. ಹಾವು ಬುಸ್ಸೆಂದಿತು. ಒಲೆಯೂ ಬುಸ್ಸೆಂದಿತು!

"ಅಯ್ಯ, ಉಕ್ಕಿ ಒಲಿ ಆರಿತ್ರಿ!" ಎಂದು ಕಮಲವ್ವ ಕೂಗಿಕೊಂಡಾಗ ಮನೆ ತುಂಬ ಹೊಗೆ. ಮತ್ತೆ ಊದು, ಮತ್ತೆ ಕೆಮ್ಮು. ಅಷ್ಟರಲ್ಲಿ ಅಂಗಳದ ಬಿಸಿಲು ತುಳಸಿ ಕಟ್ಟೆಯನ್ನು ಬಿಟ್ಟು ಜಾರಿತ್ತು. ನೇಮಿನಾಥನಿಗೆ ತಳಮಳ ಶುರುವಾಯಿತು. ಒಮ್ಮೆ ಅಂಗಳಕ್ಕೆ ಓಡಿ ಸೂರ್ಯನನ್ನು ನೋಡುತ್ತಾನೆ. ಒಮ್ಮೆ ಒಳಗೋಡಿ ಬೇಳೆ ಚಿವುಟುತ್ತಾನೆ. ನಡುವೆ ಅರ್ಧ ಹಾಳೆ ಓದುತ್ತಾನೆ. ಮತ್ತೆ ಅಂಗಳ. ಸೂರ್ಯ ನಿಲ್ಲ, ಬೇಳೆ ಬೇಯದು, ಕಾದಂಬರಿ ಬಿಡದು! ಮೂರು ಕಡೆ ಎಳೆದಾಡಿದ ಎತ್ತಿನಂತೆ ಏದುಸಿರು ಬಿಟ್ಟ.

"ಇನ್ನ ಬೆಲ್ಲಾ ಹಾಕಿಬಿಡತೀನಿ. ಎರಡೂ ಕೂಡೇ ಬೇಯಲಿ. ವ್ಯಾಳ್ಯಾ ಉಳೀತೈತಿ!"

"ಬ್ಯಾಡ್ರಿ, ಬ್ಯಾಳಿ ಮೆತ್ತಗಾಗಿ ಕಟ್ಟು ಬಸದ ಮ್ಯಾಲ..."

ದಡಕ್! ಬೆಲ್ಲದ ಹೆಂಟೆ ಬಿದ್ದೇಬಿಟ್ಟಿತು.

ಕಮಲವ್ವ ಹಣೆ ಬಡಿದುಕೊಳ್ಳಲು ಹೋಗಿ, ಎತ್ತಿದ್ದು ನೋವಿನ ಕೈ ಎಂದು ನೆನಪಾಗಿ, ಎಡಗೈಯಿಂದ ಬಡಿದುಕೊಂಡಳು. "ಬೆಲ್ಲಾ ಬಿದ್ದ ಮ್ಯಾಲ ಬ್ಯಾಳಿ ಬೇಯೂದಿಲ್ರಿ! ಇನ್ನ ಸಂಜಿತನಾ ಕುದಿಸಿದ್ರೂ ಅವು ಗುಂಡಿನಂಗ ನಿಂದರತಾವು."

ಹೀಗೆ ನೇಮಿನಾಥನ ಬೇಳೆ ಅಕ್ಷರಶಃ ಬೇಯಲಿಲ್ಲ!

ಹೊಸ ಬೇಳೆ ತೊಳೆಯಬೇಕೆನ್ನುವಷ್ಟರಲ್ಲಿ ಬಾಗಿಲ ಮುಂದೆ ಎತ್ತಿನ ಗೆಜ್ಜೆ ಸದ್ದು. ತವನಪ್ಪನವರ ಚಕ್ಕಡಿ! ಬೆಲ್ಲದ ಕೈ, ಹೊಗೆಯ ಮೋರೆ, ಕಂಕುಳಲ್ಲಿ ಕಾದಂಬರಿ. ನೇಮಿನಾಥ ಪಡಸಾಲೆಗೆ ನೆಗೆದು, ಪುಸ್ತಕವನ್ನು ಕಂಡಲ್ಲಿ ಅಡಗಿಸಿದ. ಕಂಡದ್ದು ಲೋಡು. ಅದರ ಹಿಂದೆ ತುರುಕಿ, ಕೈಮುಗಿದು ನಿಂತ.

"ಬರ್ರಿ ಮಾವಾರ. ಹಾದಿ ಸುಮಾರಾತೇನ್ರಿ?"

"ಹಾದಿ ಚಲೋ ಇತ್ತು ಅಳ್ಯಾರ. ನಿಮ್ಮ ಮಾರೀನ ಸುಮಾರ ಕಾಣಾಕತ್ತೈತಿ" ಎನ್ನುತ್ತ ತವನಪ್ಪನವರು ರುಮಾಲು ತೆಗೆದಿಟ್ಟು ಜಮಖಾನದ ಮೇಲೆ ಕೂತರು. ಮಗಳ ಕೈ ನೋಡಿ ಮರುಗಿದರು. ಅಳಿಯನೇ ಹೋಳಿಗೆ ಮಾಡುತ್ತಿದ್ದಾನೆಂದು ಕೇಳಿ ಹುಬ್ಬೇರಿಸಿದರು. "ಹೋಳಿಗೀನ? ಚಲೋ ಆತು. ಹೊತ್ತು ಮುಳುಗೂದರಾಗ ಆದ್ರ ಉಣತೀನಿ. ಇಲ್ಲಂದ್ರ ಇಲ್ಲ. ಹೆಣ್ಣು ಕೊಡೂ ಮನ್ಯಾಗ ಒಂದಿನಾ ಉಪಾಸ ಬಿದ್ದೆ ಅಂತ ನೆನಪಿಡತೀನಿ."

ಈ ಮಾತಿನಲ್ಲಿದ್ದ ಮುಳ್ಳು ನೇಮಿನಾಥನಿಗೆ ನೆಟ್ಟಗೆ ನೆಟ್ಟಿತು. ಕಮಲವ್ವನ ಕಣ್ಣು ತುಂಬಿದ್ದನ್ನೂ ಅವನು ಕಂಡ. ಆಗ ಮಾತ್ರ ಅವನಿಗೆ ನಿಜವಾಗಿ ಭಯವಾಯಿತು. ನಾದಿನಿಯ ಲಗ್ನ ಒಂದು ಹೋಳಿಗೆಯ ಮೇಲೆ ನಿಂತಿದೆ! ಒಳಗೆ ಓಡಿ ಹೊಸ ಬೇಳೆ ಏರಿಸಿ, ದೇವರಾಣೆ ಇನ್ನು ಪುಸ್ತಕ ಮುಟ್ಟುವುದಿಲ್ಲವೆಂದು ಒಲೆ ಮುಂದೆ ಕುಕ್ಕರಿಸಿದ. ಊದಿದ. ಚಿವುಟಿದ. ಕಲಕಿದ. ಈ ಸಲ ಬೇಳೆ ಮೆತ್ತಗಾಗುವ ಲಕ್ಷಣ ತೋರಿಸಿತು.

ಪಡಸಾಲೆಯಲ್ಲಿ ಮಾತ್ರ ವಿಪರೀತ ಮೌನ. ಕೆಮ್ಮಿಲ್ಲ, ಆಕಳಿಕೆಯಿಲ್ಲ. ಮಾವ ಸಿಟ್ಟಾಗಿ ಹೊರಟೇಹೋದರೋ ಏನೋ! ನೇಮಿನಾಥ ಸೌಟು ಹಿಡಿದುಕೊಂಡೇ ಇಣುಕಿದ.

ತವನಪ್ಪನವರು ಚಾಳೀಸು ಏರಿಸಿಕೊಂಡು, ಹಾಳೆಯನ್ನು ಮೂಗಿಗೆ ತಾಗಿಸಿ ಕೂತಿದ್ದರು. ಲೋಡಿಗೆ ಒರಗಿದಾಗ ಬೆನ್ನಿಗೆ ಏನೋ ಒತ್ತಿದ್ದಿರಬೇಕು. ಇಂಥ ಹೊಲಸು ಏನಿರುತ್ತದೆ ನೋಡೋಣವೆಂದು ಅಳಿಯ ಮಡಚಿಟ್ಟ ಹಾಳೆ ತೆರೆದಿರಬೇಕು. ಈಗ ತುಟಿ ಗುಣುಗುಣು ಎನ್ನುತ್ತಿತ್ತು.

"ಅಳ್ಯಾರ," ತಲೆಯೆತ್ತದೆ ಕೇಳಿದರು, "ಈ ಸನ್ಯಾಸಿ ಯಾಂವ? ನನಗ ಇಂವನ ಮ್ಯಾಲ ಸಂಶೇ ಬರಾಕತ್ತೈತಿ."

ಯಾರಾದರೂ ಇಂಥ ಪ್ರಶ್ನೆ ಕೇಳಲಿ ಎಂದೇ ನೇಮಿನಾಥ ತಿಂಗಳುಗಟ್ಟಲೆ ಕಾದಿದ್ದ! ಹೆಂಡತಿಗೆ ಹೇಳ ಹೋದರೆ ಅವಳು ಹಾಲು ಉಕ್ಕಿತೆಂದು ಎದ್ದು ಹೋಗುತ್ತಿದ್ದಳು. "ಸನ್ಯಾಸಿ ಅಲ್ರಿ ಮಾವಾರ! ಅಂವಾ ಪತ್ತೇದಾರ. ವೇಷಾ ಹಾಕ್ಯಾನ!"

"ಹಾಂ! ಹಂಗಾದ್ರ ಗಡ್ಡಾ ಸುಳ್ಳ?"

"ಸುಳ್ಳ ಗಡ್ಡಾರಿ! ತರ್ರಿ ಇಲ್ಲಿ, ನಿಮಗ ಅಕ್ಷರಾ ಸಣ್ಣು ಆಗತಾವು, ನಾ ಓದತೀನಿ. ಒಂದ ಹಾಳಿ ಅಷ್ಟ."

ಸೌಟು ಜಮಖಾನದ ಮೇಲೆ ಮಲಗಿತು. ಒಂದು ಹಾಳೆಗೆ ಇನ್ನೊಂದು ಕೂಡಿತು. ನೇಮಿನಾಥ ಸುಸ್ವರದಲ್ಲಿ ಓದಿದ. ದುಷ್ಟರಿಗೆ ದಪ್ಪ ದನಿ, ನಾಯಕಿಗೆ ಸಣ್ಣ ದನಿ. ತವನಪ್ಪನವರು "ಬಿಡಬ್ಯಾಡ ಅಂವನ್ನ!" ಎಂದು ತೊಡೆ ತಟ್ಟಿದರು. ನಡುವೆ ಕಮಲವ್ವ ಬಂದು ಏನೋ ಹೇಳಿದಳು. ಇಬ್ಬರೂ "ಹೂಂ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು ಕೂಗಿದಳು. "ತಡಿಯವ್ವಾ, ಹುಡಿಗಿ ಸುರಂಗದಾಗ ಸಿಕ್ಕೊಂಡೈತಿ" ಎಂದು ತವನಪ್ಪನವರು ಕೈ ಬೀಸಿದರು. ಅವಳು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

"ಜೋರಾಗಿ ಓದ್ರಿ ಅಳ್ಯಾರ, ಯಾಕ ತಡವರಸಾಕತ್ತೀರಿ?"

"ಅಕ್ಷರಾ ಕಾಣವಲ್ಲವು ಮಾವಾರ. ಕಂದೀಲು ಹಚ್ಚಿದ್ರ..."

ಕಂದೀಲು! ಆ ಶಬ್ದ ಇಬ್ಬರ ಕಿವಿಗೂ ಒಮ್ಮೆಗೇ ಬಿತ್ತು. ಇಬ್ಬರೂ ಪುಸ್ತಕ ಬಿಟ್ಟು ಅಂಗಳಕ್ಕೆ ಧಾವಿಸಿದರು. ಬಿಸಿಲಿರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಕುಂಕುಮ ಒರೆಸಿದಷ್ಟು ಕೆಂಪು.

"ಮುಳಗಿಲ್ರಿ ಮಾವಾರ! ಗುಡ್ಡದ ಹಿಂದ ಹೋಗೇತಿ ಅಷ್ಟ. ಇನ್ನೂ ಅಲ್ಲೇ ಇರತೈತಿ!"

"ಗುಡ್ಡದ ಹಿಂದ ಹೋಗಿ ಯಾರು ನೋಡಿ ಬರಾವರು? ನೀವು ಹೋಗತೀರಾ?"

ಅಷ್ಟರಲ್ಲಿ ಅಡಿಗೆಮನೆಯಿಂದ ಕಮಟು ವಾಸನೆ ಬಂದು ಮಾತನ್ನು ಮುಗಿಸಿತು. ಬೇಳೆ ಬೆಂದು, ಕರಕಾಗಿ, ಬೋಗುಣಿಯ ತಳಕ್ಕೆ ಡಾಂಬರಿನಂತೆ ಅಂಟಿತ್ತು. ನೇಮಿನಾಥ ಅದನ್ನು ಕೆಳಗಿಳಿಸಿ, ನೆಲದ ಮೇಲೆ ಕೂತು, ಮೊಣಕಾಲಿಗೆ ತಲೆ ಕೊಟ್ಟ. ಹೋಳಿಗೆ ಹೋಯಿತು, ಹೊತ್ತು ಹೋಯಿತು, ತಮ್ಮನ ಲಗ್ನವೂ ಹೋಯಿತು!

ಆಗ ಹಿತ್ತಲ ಬಾಗಿಲಿನಿಂದ ಕಮಲವ್ವ ಒಳಗೆ ಬಂದಳು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಎಲ್ಲಿಗೆ ಹೋಗಿದ್ದಿ?" ಎಂದ ನೇಮಿನಾಥ.

"ಊಟಕ್ಕ."

"ಊಟಕ್ಕ? ಎಲ್ಲಿ!"

"ಬಾಜೂ ಮನಿ ಜಿನ್ನಕ್ಕಾರಲ್ಲಿ. ನಿಮ್ಮ ಬೆಲ್ಲಾ ಬಿದ್ದ ಕೂಡ್ಲೇ ಹೋಗಿ ಹೇಳಿ ಬಂದಿದ್ದೆ. ಪಾಪ, ಹೋಳಿಗಿ ಮಾಡಿ, ಮಣಿ ಹಾಕಿ, ತಾಟ ಇಟಗೊಂಡು ಕಾಯಾಕತ್ತಿದ್ರು. ಬಂದು ಕರದೆ. ಹೂಂ ಅಂದ್ರಿ. ಹೊತ್ತು ಮುಳುಗತೈತಿ ಅಂತ ಮತ್ತ ಬಂದು ಒದರಿದೆ. ಅಪ್ಪಾ ತಡಿ ಅಂದ. ತಡಿಯಾಕ ಸೂರ್ಯಾ ನನ್ನ ಮಾತು ಕೇಳತಾನೇನ್ರಿ? ಹೋಗಿ ಉಂಡು ಬಂದೆ. ತುಪ್ಪಾ ಭಾಳ ಚಲೋ ಇತ್ತು."

ಗಂಡ ಮಾವನ ಮುಖ ನೋಡಿದ. ಮಾವ ಕಂಬ ನೋಡಿದರು. ಉಪವಾಸ ಬಿದ್ದದ್ದು ಅಳಿಯನ ಅಡಿಗೆಯಿಂದಲ್ಲ, ತಮ್ಮ ಬಾಯಿಂದ ಬಂದ 'ತಡಿ'ಯಿಂದ ಎಂಬುದು ಅವರಿಗೆ ತಿಳಿದಿತ್ತು.

"ಕಮಲಾ," ಎಂದರು ಮಗಳ ಕಡೆ ತಿರುಗಿ. "ನಿನ್ನ ಮೈದುನ ಮಹಾವೀರ... ಅಂವಾನೂ ಹಿಂಗ ಓದತಾನೇನು?"

"ಪರೀಕ್ಷಾದ ಪುಸ್ತಕಾ ಬಿಟ್ಟು ಒಂದು ಹಾಳಿ ಮುಟ್ಟೂದಿಲ್ಲಪ್ಪಾ. ಬೆಳಗಾಂವಿ ಖೋಲ್ಯಾಗ ತನ್ನ ರೊಟ್ಟಿ ತಾನ ಬಡಕೊಂಡು ತಿಂತಾನು."

"ಹಂಗಾದ್ರ ಪದ್ಮಾನ್ನ ಕೊಟ್ಟೆ," ಎಂದರು ತವನಪ್ಪನವರು. "ಈ ಮನ್ಯಾಗ ಒಬ್ಬಾವರ ಒಲಿ ಹಚ್ಚಾಂವ ಬೇಕು."

ಕಮಲವ್ವ ನೋವು ಮರೆತು ಎರಡೂ ಕೈ ಜೋಡಿಸಿದಳು. ನೇಮಿನಾಥನಿಗೂ ಸಂತೋಷವೇ. ಆದರೆ ತಾನು ಗೆದ್ದದ್ದೋ, ತನ್ನನ್ನು ದಾಟಿಕೊಂಡು ತಮ್ಮ ಗೆದ್ದದ್ದೋ ಎಂದು ಮಾತ್ರ ಕೇಳಲು ಹೋಗಲಿಲ್ಲ.

ಮರುದಿನ ಬಿಸಿಲು ಬಿದ್ದ ಮೇಲೆ ಜಿನ್ನಕ್ಕ ಉಳಿಸಿಟ್ಟ ಹೋಳಿಗೆ ಕಾಸಿ ತಂದುಕೊಟ್ಟಳು. ತವನಪ್ಪನವರು ಹೊಟ್ಟೆ ತುಂಬ ಉಂಡು, ರುಮಾಲು ಸುತ್ತಿ ಚಕ್ಕಡಿ ಏರಿದರು. ನೇಮಿನಾಥ ಬಾವಿಯ ಹತ್ತಿರ ಕೂತು ಬೂದಿ ಹಾಕಿ ಕರಕಲು ಬೋಗುಣಿ ತಿಕ್ಕುತ್ತಿದ್ದ. ನಮಸ್ಕಾರ ಹೇಳಲು ಎದ್ದು ಬಂದವನು ನಿಂತಲ್ಲೇ ನಿಂತ. ಮಾವನ ತೊಡೆಯ ಮೇಲೆ ಕಾದಂಬರಿ!

"ಮಾವಾರ! ಆ ಪುಸ್ತಕಾ..."

"ಹೂಂ, ತಗೊಂಡೇನಿ."

"ಹಾರಾ ಕದ್ದಾವರು ಯಾರು ಅಂತ ನನಗ ಇನ್ನೂ ಗೊತ್ತಾಗಿಲ್ರಿ! ಕಡೀ ಪ್ರಕರಣ ಉಳದೈತಿ!" ಬೂದಿಗೈಯಲ್ಲೇ ನೇಮಿನಾಥ ಚಕ್ಕಡಿಯ ಪಕ್ಕ ಓಡತೊಡಗಿದ.

"ಉಗಾದಿಗೆ ಬರತೀನಿ ಅಳ್ಯಾರ," ಎಂದರು ತವನಪ್ಪನವರು ಚಾಳೀಸು ಏರಿಸಿ ಹಾಳೆ ತೆರೆಯುತ್ತ. "ನಿಮ್ಮ ಕೈಯಾರೆ ಹೋಳಿಗಿ ಮಾಡಿ, ಹೊತ್ತಿರೂತನಾ ಉಣಿಸ್ರಿ. ಉಂಡು ಕೈ ತೊಳಕೊಂಡ ಮ್ಯಾಲ, ಯಾರು ಕದ್ರು ಅನ್ನೂದು ನಾನ ಹೇಳತೀನಿ!"